ಆರು, ನಾಕು

ಬೆಂಗೇರಿ ಖಾದಿ ಕೇಂದ್ರದಾಗ
ಕಿಡಕಿ ಬಾಜೂಕಿನ ಮಶೀನು ನಂದು.
ಹದಿನೇಳು ವರ್ಷ ಆತು.
ಇಂಚಿನೊಳಗ ಎಷ್ಟು ಟಾಕಿ ಅಂತ ಎಣಸಿ ಎಣಸಿ
ಮಂದಿ ಮಾತಿನ್ಯಾಗೂ ಟಾಕಿ ಹುಡುಕೂ ಚಟ ಬಿದ್ದೈತಿ.

ಕೇಸರಿ, ಬಿಳಿ, ಹಸರು ಒಂದಽ ಅಳತಿ.
ಚಕ್ರ ಈ ಮಗ್ಗಲಕ ಹೆಂಗೋ ಆ ಮಗ್ಗಲಕ ಹಂಗಽ,
ಕಡ್ಡಿಗೆ ಕಡ್ಡಿ ಕೂಡಬೇಕು.
ಒಂದು ನೂಲು ಸರದ್ರ ಶಾವಂತ್ರಕ್ಕ
ಕನ್ನಡಕ ಹಣಿಗೇರಿಸಿ ಒಂದಽ ಮಾತು ಅಂತಾಳ:
ಬಿಚ್ಚು.

ಎಲ್ಲಾಕಿಂತ ಸಣ್ಣದು ಆರು ಇಂಚು, ನಾಕು ಇಂಚು.
ದೊಡ್ಡವರು ಕುಂತು ಮಾತಾಡೂ ಮೇಜಿನ ಮ್ಯಾಲೆ
ಪರದೇಶದ ಧ್ವಜದ ಹೆಗಲಿಗೆ ಹೆಗಲು ಹಚ್ಚಿ ನಿಲ್ಲೂದು ಅದು.
ಸಂಜಿಮುಂದ ಮಹಾಂತಪ್ಪನ ಚಾದಂಗಡಿ ಟೀವಿಯಾಗ
ಕೈ ಕುಲುಕೂದು ತೋರಸ್ತಾರ.
ಎಲ್ಲಾರೂ ಅವರ ನಗಿ ನೋಡಿದ್ರ
ನಾ ಧ್ವಜದ ಅಂಚು ನೋಡ್ತೇನಿ, ನಮ್ಮದಽ ಏನು ಅಂತ.

"ಇಷ್ಟು ಓದಿದವ್ರು, ಇಷ್ಟು ತಿರಗಿದವ್ರು
ತಪ್ಪು ಯಾಕ ಮಾಡ್ತಾರ್ರೀ?"
ಗ್ಲಾಸು ತೊಳಿಯೂ ರಜಾಕ ಕೇಳಿದ.
ಆನಿ ನಡದದ್ದಽ ದಾರಿ, ಅಂದ ಮಹಾಂತಪ್ಪ.
ಗಲಗಲಿ ಮಾಸ್ತರು ಪೇಪರ್ ಮಡಚಿ ಅಂದ್ರು:
ಅದು ಹೌದಪ್ಪನ ಚಾವಡಿ,
ಅಲ್ಲ ಅಂದಾವಗ ಅಲ್ಲಿ ಕುರ್ಚಿ ಇರೂದಿಲ್ಲ.
ಮಾತಾಡೂದು ಪರದೇಶದಾಂವಗ,
ಕಿವಿ ಇಡೂದು ಊರ ಚಪ್ಪಾಳಿಗೆ, ಅಂದ ಮತ್ತೊಬ್ಬ.
ಖರೇ ಇರಬಹುದು.
ನನಗ ಒಂದು ಮಂಗಳವಾರ ನೆನಪಾಗಿ ಚಾ ಆರಿತು.

ಅವತ್ತು ಮಶೀನಿನ ಗುರುತು ಎರಡು ನೂಲು ಸರದಿತ್ತು.
ಗೊತ್ತಾದದ್ದು ಮೂರನೇ ಧ್ವಜಕ್ಕ.
ಹಿಂದಿನ ದಿನಽ ಸಾಹೇಬ್ರು ಎಲ್ಲಾರ ಮುಂದ
"ದಾಕ್ಷಾಯಣಿ ಕೈ ಅಂದ್ರ ತಕ್ಕಡಿ" ಅಂದಿದ್ರು.
ತಕ್ಕಡಿ ಹೆಂಗ ಬಾಯಿ ಬಿಟ್ಟು ತಪ್ಪಿದೆ ಅಂದೀತು?
ನಾಕನೇದೂ ಹಂಗಽ ಹೊಲದೆ, ಮೂರನೇದಕ್ಕ ಜೋಡಿ ಇರಲಿ ಅಂತ.
ಐದನೇದಕ್ಕ, ಇದಽ ಸರಿ ಅಳತಿ ಇರಬೇಕು ಅಂದುಕೊಂಡೆ.
ಇಪ್ಪತ್ತಕ್ಕ ನಂಬಿಕಿ ಬಂತು.
ಮೂವತ್ತರ ಹೊತ್ತಿಗೆ ಮೆಹಬೂಬಿ ತನ್ನದು ತಂದು
ನನ್ನದರ ಮಗ್ಗಲಕ ಹಿಡಿದ್ಲು, ಏನೂ ಅನ್ನಲಿಲ್ಲ.
ಆಕಿಗೇ ಬೈದೆ.

ನಲವತ್ತಕ್ಕ ಸಿಕ್ಕೆ. ಶಾವಂತ್ರಕ್ಕ ಸಿಟ್ಟಿಗೇಳಲಿಲ್ಲ.
"ಮೂರಕ್ಕ ಹೇಳಿದ್ರ ಮೂರು ಬಿಚ್ಚತಿದ್ದಿ" ಅಂದು
ತಾನೂ ಬಗಲಾಗ ಕುಂತು ಬ್ಲೇಡು ಹಿಡಿದ್ಲು.
ಬಿಚ್ಚಿದ ಅರಿವ್ಯಾಗ ಸೂಜಿ ತೂತು ಉಳೀತಾವ,
ಬೆಳಕಿಗೆ ಹಿಡಿದ್ರ ಕಾಣತಾವ.

ಈ ಸಲ ಮಾಗಿಯಾಗ ಟೀವಿಯೊಳಗಿನ ಮಾತು ಮುರೀತು.
ಯಾರು ಮೂರಕ್ಕ ಸುಮ್ಮಾದ್ರೋ, ಯಾರು ಯಾರಿಗೆ ಬೈದ್ರೋ.
ಸ್ವಲ್ಪ ದಿನಕ್ಕ ಆರ್ಡರು ಬಂತು: ಆರು, ನಾಕು.
ಅವಸರಲೆ ಸಣ್ಣ ಅರಿವಿ ತಗದೆ.
ಶಾವಂತ್ರಕ್ಕ ಚೀಟಿ ನನ್ನ ಕಡೆ ಸರಿಸಿ ಬೆರಳಿಟ್ಲು.
ಇಂಚಲ್ಲ, ಫೂಟು.
ಪೆಟ್ಟಿಗಿ ಮ್ಯಾಲೆ ಹೊಚ್ಚೂ ಅಳತಿ.

ಹೊಲದೆ. ಟಾಕಿ ಎಣಸಿದೆ, ಬರೊಬ್ಬರಿ ಇದ್ವು.
ಆಕಿ ಎರಡೂ ಮಗ್ಗಲು ತಿರುವಿ ನೋಡಿದ್ಲು,
ಅಂಚು ಸವರಿದ್ಲು, ಮಡಚಿದ್ಲು.
ಬಿಚ್ಚು ಅನ್ನತಾಳೇನು ಅಂತ
ಎಷ್ಟೋ ಹೊತ್ತು ನಾ ಆಕಿ ಬಾಯಿ ನೋಡಿದೆ.