ಪೊರೆ

ಬಲೆಯ ಹೊಟ್ಟೆಗೆ ಕುಚ್ಚು ಕಟ್ಟುವುದು ನನ್ನ ಕೆಲಸ.
ನೀಲಿ ಪ್ಲಾಸ್ಟಿಕ್ ಕುಚ್ಚು, ಮೊಳದುದ್ದ,
ಸಾಲು ಸಾಲು, ಕಣ್ಣಿಗೊಂದು ಗಂಟು.
ಕಡಲ ತಳದ ಕಲ್ಲು ಬಲೆಯನ್ನು ತಿನ್ನದಿರಲೆಂದು
ಕುಚ್ಚು ತಾನೇ ಸವೆಯುತ್ತದೆ.
ಅದಿರುವುದೇ ಸವೆಯುವುದಕ್ಕೆ.
ಸವೆದದ್ದು ಎಲ್ಲಿಗೆ ಹೋಯಿತೆಂದು
ಟಾರ್ಬರ್ಟ್ ಬಂದರಿನಲ್ಲಿ ಯಾರೂ ಕೇಳಿದ್ದಿಲ್ಲ.
ನಾನೂ.

ಅಪ್ಪನ ಕಾಲಕ್ಕೆ ಹೆರಿಂಗ್ ಇತ್ತಂತೆ,
ರಾತ್ರಿ ನೀರು ಬೆಳ್ಳಿಯಾಗಿ ಕುದಿಯುವಷ್ಟು.
ಆಮೇಲೆ ಕಾಡ್ ಮೀನು. ಆಮೇಲೆ ಅದೂ ಇಲ್ಲ.
ಉಳಿದದ್ದು ಕೆಸರು,
ಕೆಸರಲ್ಲಿ ಬಿಲ ತೋಡಿಕೊಂಡ ಸಿಗಡಿ:
ಕಿತ್ತಳೆ ಮೈ, ಉದ್ದ ಇಕ್ಕುಳ, ಕರಿಮಣಿ ಕಣ್ಣು.
ನನ್ನ ತಮ್ಮ ಡೂಗಲ್ ಅದನ್ನೇ ಎಳೆದು ತರುತ್ತಾನೆ.
ದೊಡ್ಡವು ಜೀವಂತ, ಒಂದೊಂದಕ್ಕೂ ಒಂದೊಂದು ಕೊಳವೆಯ ಕೋಣೆ,
ಲಾರಿ ಹತ್ತಿ ಸ್ಪೇನಿಗೆ.
ಚಿಕ್ಕವನ್ನು ಹಲಗೆಯ ಮೇಲೆ ಸುರಿದು ತಿರುಚುತ್ತೇನೆ:
ಬಾಲ ಬುಟ್ಟಿಗೆ, ತಲೆ ಕಡಲಿಗೆ.
ಅರ್ಧ ತಲೆಗಳನ್ನು ಹಕ್ಕಿಗಳು ಗಾಳಿಯಲ್ಲೇ ಹಿಡಿಯುತ್ತವೆ.
ಉಳಿದರ್ಧ ಮುಳುಗುತ್ತದೆ.
ಕೆಳಗೆ ಏಡಿ ಕಾದಿರುತ್ತದೆ,
ಏಡಿಗೆ ಕಾದದ್ದು ಇನ್ನೊಂದು.

ಮಾರ್ಚಿನಲ್ಲಿ ಕಂಬ್ರೇ ದ್ವೀಪದ ಪ್ರಯೋಗಾಲಯದಿಂದ
ಹುಡುಗಿಯೊಬ್ಬಳು ಬಂದಳು, ಸೋರ್ಚಾ ಅಂತ,
ನೆಗಡಿಯ ಮೂಗು, ಎರಡು ಅಳತೆ ದೊಡ್ಡ ಬೂಟು.
"ಎಸೆಯುವ ತಲೆಗಳನ್ನು ನನಗೆ ಕೊಡುತ್ತೀರಾ?"
ಒಂದು ಬಕೀಟು ಕೊಟ್ಟೆ.
ಕಸಕ್ಕೆ ದುಡ್ಡು ಯಾಕೆ ಅಂದೆ.

ಐಸಿನ ಮನೆಯ ಮೇಜಿನ ಮೇಲೆ ಅವಳ ಕತ್ತರಿ, ಚಿಮಟ.
ಕಣ್ಣುಗಳ ಹಿಂದೆ, ಬಟಾಣಿಗಿಂತ ಕಿರಿದಾದ ಜಠರ.
ಅದರೊಳಗೆ ಹಲ್ಲು!
ಮೂವತ್ತು ವರ್ಷ ತಲೆ ಮುರಿದ ನನಗೆ ಗೊತ್ತಿರಲಿಲ್ಲ
ಹೊಟ್ಟೆಯಲ್ಲಿ ಹಲ್ಲಿರುವ ಜೀವವೆಂದು.
ಆ ಹಲ್ಲಿಗೆ ಸಿಕ್ಕಿಕೊಂಡಿತ್ತು ಒಂದು ಉಂಡೆ,
ಬಾಚಣಿಗೆಯಿಂದ ಬಿಡಿಸಿದ ಕೂದಲಿನ ಹಾಗೆ,
ನೀಲಿ.
"ಎಲ್ಲಿಂದ ಬಂತು ಈ ಬಣ್ಣ?"
ಕೇಳಿದ್ದು ನನ್ನನ್ನಲ್ಲ, ಭೂತಗನ್ನಡಿಯನ್ನು.
ನಾನು ಕೈ ಎರಡನ್ನೂ ಏಪ್ರನ್ನಿನ ಜೇಬಿಗೆ ಇಳಿಸಿದೆ.
ಉಗುರಿನ ಸಂದಿಯಲ್ಲಿ
ಬೆಳಗ್ಗೆ ಕಟ್ಟಿದ ಕುಚ್ಚಿನ ಎಳೆ ಇತ್ತು.

ಚಹಾ ಕುಡಿಯುತ್ತ ಹೇಳಿದಳು:
ಪೊರೆ ಬಿಡುವಾಗ ಸಿಗಡಿ
ಹೊರಗಿನ ಚಿಪ್ಪಷ್ಟೇ ಅಲ್ಲ,
ಜಠರದ ಒಳಪದರವನ್ನೂ ಕಳಚುತ್ತದೆ, ಹಲ್ಲುಸಮೇತ.
ಎಷ್ಟೋ ಸಲ ಉಂಡೆಯೂ ಅದರೊಂದಿಗೆ ಹೊರಗೆ.
ಹೊಸ ಹೊಟ್ಟೆ!
ಅಂಥದೊಂದು ಡೂಗಲ್‌ಗೂ ಬೇಕು, ಶನಿವಾರ ರಾತ್ರಿಗೆ,
ಅಂದು ನಕ್ಕೆ.
ಅವಳು ನಗಲಿಲ್ಲ.
ಬೆಳೆದ ಹೆಣ್ಣು ಗಂಡಿನಷ್ಟು ಸಲ ಪೊರೆ ಬಿಡುವುದಿಲ್ಲವಂತೆ.
ಮೊಟ್ಟೆ ಹೊತ್ತು ತಿಂಗಳುಗಟ್ಟಲೆ ಬಿಲದಲ್ಲಿ.
ಅದಕ್ಕೇ ಅವಳ ಉಂಡೆ ದೊಡ್ಡದು.
ಲೋಟ ತೊಳೆಯಲು ಎದ್ದೆ.
ಕೆಳಗೂ ಇದೇ ಲೆಕ್ಕವೇ ಅನ್ನಿಸಿತು,
ಹೇಳಲಿಲ್ಲ.

ರಾತ್ರಿ ಡೂಗಲ್‌ಗೆ ತಿಳಿಸಿದೆ.
ಬಡಿಸಿದ್ದು ತಲೆಗಳ ಸಾರು.
ಅವನು ಚಮಚ ಕೆಳಗಿಡಲಿಲ್ಲ.
"ಕುಚ್ಚಿಲ್ಲದ ಬಲೆ ಒಂದು ತಿಂಗಳು ಬಾಳದು, ಈಷ್ಬೆಲ್.
ಹೊಸ ಬಲೆಗೆಷ್ಟು, ಗೊತ್ತಲ್ಲ?"
ಗೊತ್ತು. ಲೆಕ್ಕದ ಪುಸ್ತಕ ನನ್ನ ಹತ್ತಿರವೇ ಇದೆ.
ಪೊರೆಯುವುದು ಅಂದರೆ ಇದೇ ಇರಬೇಕು:
ಕುಚ್ಚು ಬಲೆಯನ್ನು,
ಬಲೆ ನಮ್ಮನ್ನು,
ನಾವು...
ಸಾರು ಆರುತ್ತಿತ್ತು. ಕುಡಿದೆ.

ಈ ಬೆಳಗ್ಗೆ ಹಲಗೆಯ ಮೇಲೆ ಒಬ್ಬಳು.
ಬಾಲದಡಿ ಮೊಟ್ಟೆ, ಕಡುಹಸಿರು, ಸಾಸಿವೆಕಾಳಿನ ಗೊಂಚಲು.
ತಿರುಚಹೋದ ಕೈ ನಿಂತಿತು.
ಬೆಳಕಿಗೆ ಹಿಡಿದೆ, ಒಳಗೇನಾದರೂ ಕಾಣುವುದೇ ಎಂದು.
ಇಕ್ಕುಳ ನನ್ನ ಹೆಬ್ಬೆರಳು ಕಚ್ಚಿತು, ಅಷ್ಟೆ.
ಕಟ್ಟೆಯಂಚಿಗೆ ಹೋಗಿ ಬಿಟ್ಟೆ.
ಹಕ್ಕಿ ಎರಗುವ ಮೊದಲೇ ಮುಳುಗಿದಳು
ತನ್ನ ಸಂಸಾರವನ್ನೂ
ನನ್ನ ಗಂಟನ್ನೂ ಹೊತ್ತು.

ವಾಪಸು ಬಂದು ಕೈಗವಸು ಏರಿಸಿದೆ.
ಇನ್ನೂ ಹನ್ನೊಂದು ಬುಟ್ಟಿ ಬಾಕಿ ಇತ್ತು.