ಅನುಭವದ ಖಾನೆ

ಮಾರ್ಚ್ ಮೂರನೇ ವಾರ. ಬಳ್ಳಾರಿಯ ಬಿಸಿಲು
ಕೋಟೆಗುಡ್ಡದ ಬಂಡೆಯನ್ನು ರೊಟ್ಟಿಹಂಚಿನ ಹಾಗೆ ಕಾಯಿಸಿದ ಹೊತ್ತು
ಅರ್ಥಶಾಸ್ತ್ರದ ಕೊನೇ ಸೆಮಿಸ್ಟರಿನವರಿಗೆ ನಾನು
ಕೈ ಕುಲುಕುವುದನ್ನು ಕಲಿಸುತ್ತಿದ್ದೇನೆ.

ಬಿಗಿಯಾಗಿ ಹಿಡಿಯಿರಿ, ಹಿಂಡಬೇಡಿ.
ಕಣ್ಣು ನೋಡಿ, ದುರುಗುಟ್ಟಬೇಡಿ.
ಗಾದಿಲಿಂಗ ಶೇಕ್ಷಾವಲಿಯ ಕೈ ಹಿಡಿದವನು ಬಿಡಲೇ ಇಲ್ಲ.
ಬೆಂಚೆಲ್ಲ ನಕ್ಕಿತು, ನಾನೂ.
ಫ್ಯಾನು ಮಾತ್ರ ಯಾರಿಗೂ ಗಾಳಿ ಕೊಡದೆ
ಕೆಲಸದಲ್ಲಿ ಇರುವವರಂತೆ ತಿರುಗುತ್ತಿತ್ತು.

ಅತಿಥಿ ಉಪನ್ಯಾಸಕ ನಾನು. ಒಂಬತ್ತು ವರ್ಷದ ಅತಿಥಿ.
ಅತಿಥಿಗೆ ಎಲೆ ಹಾಕುವುದು ಹಳೇ ಪದ್ಧತಿ;
ಇಲ್ಲಿ ಗಂಟೆ ಎಣಿಸುತ್ತಾರೆ.

ಹಾಳೆ ಹಂಚಿದೆ: ಹೆಸರು, ವಿಳಾಸ, ಅಂಕ, ಹವ್ಯಾಸ.
ಹವ್ಯಾಸಕ್ಕೆ ಮೂವತ್ತೊಂದು ಜನ ಬರೆದದ್ದು ಒಂದೇ,
ಪುಸ್ತಕ ಓದುವುದು.
ಯಾವ ಪುಸ್ತಕ ಅಂತ ಕೇಳುವಷ್ಟು ಕಟುಕ ನಾನಲ್ಲ,
ಬರುವ ಕಂಪನಿಯವರು ಇರಬಹುದು, ಅಂದೆ.
ಅಷ್ಟೂ ರಬ್ಬರು ಒಟ್ಟಿಗೆ ಉಜ್ಜಿದ ಸದ್ದು.

'ಅನುಭವ'ದ ಮುಂದೆ ಹುಲಿಗೆಮ್ಮ
'ಇಲ್ಲ' ಎಂದು ಬರೆದು ಕೆಳಗೊಂದು ಗೆರೆ ಎಳೆದಿದ್ದಳು.
ಎಷ್ಟು ನೇರವೆಂದರೆ, ಸ್ಕೇಲೆಲ್ಲಿ ಅಂತ ಹುಡುಕಿದೆ.
ಸ್ಕೇಲಿಲ್ಲ ಸರ್, ಕೈ ಕುಂತೈತಿ.

ಎಲ್ಲಿ ಕೂತಿತು?

ಮಿಲ್ಲರ್‌ಪೇಟಿ ಓಣ್ಯಾಗ, ಸರ್.
ನಮ್ಮವ್ವ ಜೀನ್ಸಿಗೆ ಪಟ್ಟಿ ಹಚ್ಚತಾಳ, ನಾನು ಲೂಪು.
ಒಂದು ಪ್ಯಾಂಟಿಗೆ ಐದು. ಎಂಟನೇ ಕ್ಲಾಸಿಂದ.
ಕರೆಂಟಿದ್ರ ಮಿಷಿನ್ನು, ಹೋದ್ರ ದಾರ ಕತ್ತರಿಸೋದು.
ಪರೀಕ್ಷಿ ಇದ್ದಾಗ ನಲವತ್ತು ಪ್ಯಾಂಟು, ಇಲ್ಲಂದ್ರ ನೂರು.
ಸೇಟು ಡಜನ್ನಿಗೆ ಹದಿಮೂರು ಅಂದ್ರ
ಎಣಿಸಿ ತೋರಸಾಕಿ ನಾನ.
ಹೊಸಾ ಹುಡುಗೇರಿಗೆ ಕಲಸಾಕಿ ನಾನ.
ಅದು ಮನಿ ಕೆಲಸ ಸರ್, ಅನುಭವ ಅಲ್ಲ.

ಹೋದ ವಾರ ಬೋರ್ಡಿನ ಮೇಲೆ ಬರೆದಿದ್ದೆ:
ಗುಣಮಟ್ಟ ನಿಯಂತ್ರಣ, ಸಂಧಾನ, ತಂಡದ ನಾಯಕತ್ವ.
ಅರ್ಧ ಅಳಿಸಿದ ಆ ಮಾತುಗಳು ಈಗ
ಉಗುರುಸಂದಿಯ ನೀಲಿ ತೊಳೆದೂ ಹೋಗದ ಈ ಹುಡುಗಿಯ ಮುಂದೆ
ಅಳತೆ ತಪ್ಪಿದ ಪ್ಯಾಂಟಿನ ಹಾಗೆ ಜೋತುಬಿದ್ದವು.

ಇದನ್ನೆಲ್ಲ ಬರಿ, ಅಂದೆ.
ಬರೆಯಲಿಲ್ಲ.
ಬರದ್ರ ಮತ್ತ ಅದಾ ಕೆಲಸ ಕೊಡ್ತಾರ ಸರ್.

ತರಬೇತಿಯ ಕೈಪಿಡಿ ನೂರಾ ಹನ್ನೆರಡು ಪುಟ.
ಇದಕ್ಕೆ ಉತ್ತರ ಯಾವ ಪುಟದಲ್ಲೂ ಇರಲಿಲ್ಲ.

ಏಪ್ರಿಲ್ ಎಂಟಕ್ಕೆ ಬಂದರು ಇಬ್ಬರು,
ತೋರಣಗಲ್ಲಿನ ಕಡೆಯಿಂದ, ಕಾರಿನ ಗಾಲಿಗೆ ಕೆಂಪು ಮೆತ್ತಿಕೊಂಡು.
ಬಾಗಿಲ ಹೊರಗೆ ಒಂದೇ ಜೊತೆ ಬೂಟು
ಐದು ಹುಡುಗರ ಕಾಲು ಬದಲಿಸಿತು.
ಗಾದಿಲಿಂಗನಿಗೆ ಸಡಿಲ, ಶೇಕ್ಷಾವಲಿಗೆ ಬಿಗಿ,
ಒಳಗೆ ಹೋದ ಮೇಲೆ ಎಲ್ಲರಿಗೂ ಸರಿಯೇ.

ಹುಲಿಗೆಮ್ಮ ಹೊರಬಂದದ್ದು ಹನ್ನೊಂದು ನಿಮಿಷಕ್ಕೆ.
ಏನು ಕೇಳಿದರು?
ನನ್ನ ವೀಕ್ನೆಸ್ಸು ಏನಂತ.
ಅತಿಯಾದ ಅಚ್ಚುಕಟ್ಟುತನ ಅನ್ನಬೇಕು, ಹೇಳಿಕೊಟ್ಟಿದ್ದೆ.

ಮರತೆ ಸರ್. ಅವ್ರು ನೀರು ಕುಡಿಯಾಕ ಎದ್ರಲ್ಲ,
ಪ್ಯಾಂಟಿನ ಹಿಂದಿನ ಲೂಪು ಸೊಟ್ಟ.
ಅದನ್ನ ನೋಡಕೋತ ಕುಂತೆ, ಪ್ರಶ್ನಿನ ಸರಿ ಕೇಳಲಿಲ್ಲ.

ಅದನ್ನ ಹೇಳಿದೆಯಾ?
ಹೇಳಿದೆ.
ಏನಂದರು?
ಒಬ್ರು ನಕ್ಕರು. ಇನ್ನೊಬ್ರು ಏನೋ ಬರಕೊಂಡ್ರು.

ಅವರು ಬರೆದುಕೊಂಡದ್ದು ಇನ್ನೂ ನಮಗೆ ತಲುಪಿಲ್ಲ.
ಕ್ಯಾಂಟೀನಿನಲ್ಲಿ ಮಿರ್ಚಿ, ವಗ್ಗರಣೆ ತಿನ್ನುತ್ತ
ಮೂವತ್ತೊಂದು ಮೊಬೈಲು ಬೋರಲು ಮಲಗಿವೆ.

ನಾನು ಸ್ಟಾಫ್ ರೂಮಿನಲ್ಲಿ
ಮುಂದಿನ ವರ್ಷದ ಅತಿಥಿ ಅರ್ಜಿ ತುಂಬುತ್ತಿದ್ದೇನೆ.
ಅನುಭವ: ಹತ್ತು ಹತ್ತು ತಿಂಗಳ ತುಂಡು, ಒಂಬತ್ತು.
ಎರಡು ಸಲ ಎಣಿಸಿದೆ.
ಡಜನ್ನಿಗೆ ಇನ್ನೂ ಮೂರು ಕಮ್ಮಿ.

ಕೆಳಗೆ ಗೆರೆ ಎಳೆದೆ.
ಸ್ಕೇಲು ಇಟ್ಟೇ ಎಳೆದೆ.