ಹಳಿ ಬಿಟ್ಟ ಮೇಲೆ

ಇಪ್ಪತ್ತೊಂದು ವರ್ಷ ಟ್ರಾಮ್ ಓಡಿಸಿದೆ ನಾನು
ನೈಸೆ ನದಿಯ ಈಚೆ ದಡದ ಊರಿನಲ್ಲಿ.
ತಿರುಗಿಸುವ ಚಕ್ರವೇ ಇಲ್ಲದ ಗಾಡಿ ಅದು;
ಹೊರಡು, ನಿಲ್ಲು, ಗಂಟೆ ಬಾರಿಸು, ಇಷ್ಟೇ ವಿದ್ಯೆ.
ತಿರುವುಗಳನ್ನೆಲ್ಲ ಹಳಿ ಮೊದಲೇ ಯೋಚಿಸಿಟ್ಟಿರುತ್ತಿತ್ತು.

ಮಾರ್ಗ ಮುಚ್ಚಿದರು. ನಲವತ್ತಾರಕ್ಕೆ
ಮರಗೆಲಸದ ಶಾಲೆಯ ಬೆಂಚಿನಲ್ಲಿ ಕೂತೆ.
ಎಡಕ್ಕೆ ಟೋರೆ, ಹದಿನಾರು ವರ್ಷ, ಮೀಸೆ ಇನ್ನೂ ಪೆನ್ಸಿಲ್ ಗೆರೆ;
ಬಲಕ್ಕೆ ಸ್ವೆನ್ಯಾ, ಬೆರಳಿಗೆ ಸದಾ ಬ್ಯಾಂಡೇಜು.
ಮೊದಲ ದಿನ ನಾನು ಒಳಗೆ ಬಂದಾಗ
ಮೇಷ್ಟ್ರೆಂದು ತಿಳಿದು ಎಲ್ಲರೂ ಫೋನು ಮುಚ್ಚಿಟ್ಟರು.

ಕೆಲಸ ಕಲಿಸಿದವಳು ರೋಸ್‌ವೀಟಾ ಪೋಲಾಂಟ್.
ಒಂದು ತಿಂಗಳು ಮರ ಮುಟ್ಟಲು ಬಿಡಲಿಲ್ಲ.
ಸಾಣೆಕಲ್ಲು, ನೀರು, ಉಳಿ. ಮತ್ತೆ ಸಾಣೆಕಲ್ಲು.
"ಮುಂಗೈ ಕೂದಲು ಬೋಳಿಸಬೇಕು ಅದು" ಎಂದಳು.
ಎಡಗೈ ಮಗುವಿನ ಕೈಯಂತೆ ನುಣ್ಣಗಾಯಿತು.
ರಾತ್ರಿ ಹೆಂಡತಿ ಎರಡೂ ಕೈ ಪಕ್ಕಪಕ್ಕ ಹಿಡಿದು
ಇದರಲ್ಲಿ ನನ್ನ ಗಂಡನದು ಯಾವುದು ಎಂದಳು.

ಆಮೇಲೆ ಹತ್ತರಿ.
ಚೆರ್ರಿ ಹಲಗೆಯ ಮೇಲೆ ನೆಟ್ಟಗೆ ತಳ್ಳಿದೆ,
ನೆಟ್ಟಗೆ ಹೋಗುವುದೊಂದೇ ನನಗೆ ಗೊತ್ತಿದ್ದದ್ದು.
ಬರ್ರೆಂದು ನಾರು ಕಿತ್ತು ಬಂತು.
"ಬೆಕ್ಕನ್ನು ಬಾಲದಿಂದ ತಲೆಗೆ ಸವರುತ್ತೀಯಾ?"
ಹಲಗೆ ತಿರುಗಿಸಿಟ್ಟು ಆಕೆ ಕಾಫಿಗೆ ಹೋದಳು.
ಈ ಸಲ ಸುರುಳಿ ಬಂತು, ಸದ್ದೇ ಇಲ್ಲದೆ,
ಎತ್ತಿ ಹಿಡಿದರೆ ಆಚೆಯ ಕಿಟಕಿ ಕಾಣುವಷ್ಟು ತೆಳ್ಳಗೆ.
ಇಲ್ಲೂ ಹಳಿ ಇತ್ತು ಹಾಗಾದರೆ!
ಹಾಕಿದವು ಮಾತ್ರ ಇಳಿಜಾರು, ಗಾಳಿ, ಹಿಮ;
ನಕ್ಷೆ ಬಿಟ್ಟುಹೋಗಿರಲಿಲ್ಲ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ,
ಹೀಗೆ ಕೇಳುವವರು
ಹಬೆಪೆಟ್ಟಿಗೆ ನೋಡಿದವರಲ್ಲ.
ಬೀಚ್ ಮರದ ಪಟ್ಟಿಯನ್ನು ಒಂದು ಗಂಟೆ ಬೇಯಿಸಿ
ಕೈಚೀಲ ತೊಟ್ಟು ಓಡೋಡಿ ಬಂದು
ಅಚ್ಚಿಗೆ ಒತ್ತಬೇಕು, ಒಂದು ನಿಮಿಷದೊಳಗೆ.
ಬಗ್ಗುತ್ತದೆ. ಕೆಲವು ಸೀಳುತ್ತವೆ ಕೂಡ.
ಮೊದಲ ಮೂರು ಸೀಳಿದವು.

ಎರಡು ಹಲಗೆ ಮೂಲೆಯಲ್ಲಿ ಬೆರಳು ಹೆಣೆಯುವ ಕೀಲಿಗೆ
ಇಲ್ಲಿಯವರು ಅಂಬರಗುಬ್ಬಿಯ ಬಾಲ ಎನ್ನುತ್ತಾರೆ.
ನನ್ನ ಗುಬ್ಬಿಗಳ ಸಂದಿನಲ್ಲಿ
ಟ್ರಾಮ್ ಟಿಕೆಟ್ ತೂರುತ್ತಿತ್ತು, ಮಡಚಿದ್ದು.
ತಪ್ಪಿದ್ದೆಲ್ಲ ಒಲೆಗೆ. ಆ ಡಿಸೆಂಬರ್
ಕಾರ್ಖಾನೆ ಬೆಚ್ಚಗಿತ್ತು ನನ್ನ ದೆಸೆಯಿಂದ.

ಮೂರನೆಯ ವರ್ಷ ಪರೀಕ್ಷೆಯ ಕಪಾಟು,
ಪೇರ್ ಮರದ್ದು, ಐದು ಡ್ರಾಯರು.
ಲೋಹದ ಜಾರುಪಟ್ಟಿ ಬೇಡವೆಂದೆ;
ಮರದ ಮೇಲೆ ಮರ, ನಡುವೆ ಒಂದಿಷ್ಟು ಮೇಣ.
ಏಪ್ರಿಲ್‌ನಲ್ಲಿ ಸರಾಗ ಓಡಿದ್ದು
ಜೂನ್ ಮಳೆಗೆ ಉಬ್ಬಿ ದಾರಿಯಲ್ಲೇ ಕೂತಿತು.
ಸಂಚಾರ ಸ್ಥಗಿತ ಎಂದು ಟೋರೆ ಘೋಷಿಸಿದ,
ನನ್ನದೇ ಹಳೆಯ ಧ್ವನಿಯಲ್ಲಿ.
ಮತ್ತೆ ಹೆರೆದೆ. ಒಂದು ಸುರುಳಿ, ಇನ್ನರ್ಧ.
ಸಾಕು ಎಂದು ಯಾರೂ ಹೇಳಲಿಲ್ಲ, ರೋಸ್‌ವೀಟಾ ಕೂಡ.

ಪರೀಕ್ಷಕ ಕನ್ನಡಕ ಹಣೆಗೇರಿಸಿ
ಕೆಳಗಿನ ಡ್ರಾಯರನ್ನು ಮೆಲ್ಲಗೆ ತಳ್ಳಿದ.
ಮೇಲಿನದು ತಾನಾಗಿ ಬೆರಳಗಲ ಹೊರಗೆ ಬಂತು,
ಒಳಗಿನ ಗಾಳಿಗೆ ಬೇರೆ ದಾರಿ ಇರಲಿಲ್ಲ.
ಮತ್ತೊಮ್ಮೆ ತಳ್ಳಿದ. ಅಂಕಕ್ಕಲ್ಲ, ಸುಮ್ಮನೆ.
"ಇದರಲ್ಲಿ ಏನಿಡುತ್ತೀರಿ?"
ಮೂರು ವರ್ಷದಲ್ಲಿ ಅದೊಂದು ಹೊಳೆದೇ ಇರಲಿಲ್ಲ.
ಸಾಕ್ಸು ಎಂದೆ.

ಸೋಮವಾರ, ಆರೂಮುಕ್ಕಾಲು.
ಹದಿನಾಲ್ಕು ಅಡುಗೆಮನೆ ಬಾಗಿಲು, ಚಿಪ್‌ಬೋರ್ಡು.
ನಾರಿಲ್ಲ ಅದಕ್ಕೆ, ಹಿಂದಿಲ್ಲ, ಮುಂದಿಲ್ಲ;
ಮೇಲಂಟಿಸಿದ ಹಾಳೆಯಲ್ಲಿ ಓಕ್ ಮರದ ಫೋಟೋ,
ಹದಿನಾಲ್ಕರಲ್ಲೂ ಅದೇ ಗಂಟು, ಅದೇ ಜಾಗದಲ್ಲಿ.
ಆದರೂ ಗರಗಸಕ್ಕೆ ಕೊಡುವ ಮುನ್ನ
ಅಂಗೈ ಒಮ್ಮೆ ಸವರಿ ನೋಡುತ್ತದೆ,
ಬೆಕ್ಕಿನ ತಲೆ ಯಾವ ಕಡೆಗಿದೆ ಎಂದು.